ವಿಮಾನೈರಂಡ ನಿರ್ಣಯ

ಮೊದಲು ಶಬ್ದಶುದ್ಧಿ. ವಿಮಾನದ ಮುಂದೆ ಏರಂಡ ಬಂದು ಕೂತರೆ ಅಕಾರಕ್ಕೆ ಏಕಾರ ಪರವಾಗಿ ಐಕಾರವು ಆದೇಶವಾಗುತ್ತದೆ. ಆದ್ದರಿಂದ ವಿಮಾನೈರಂಡ, ವೃದ್ಧಿ ಸಂಧಿ. ಇಲ್ಲಿ ವೃದ್ಧಿಯಾಗುವುದು ಏನೆಂದು ಶಿಷ್ಯನು ಕೇಳಿದರೆ ಖರ್ಚು ಎಂದು ಉತ್ತರಿಸತಕ್ಕದ್ದು. ಏರಂಡವೆಂದರೆ ಹಳೇ ಮೈಸೂರಿನವರ ಹರಳು, ಧಾರವಾಡದವರ ಔಡಲ. ಲ್ಯಾಟಿನ್ ಪಂಡಿತರು ಅದರ ಬೀಜ ನೋಡಿ ‘ರಿಸಿನಸ್’ ಎಂದರು. ಹಾಗೆಂದರೆ ದನದ ಮೈಗೆ ಕಚ್ಚುವ ಉಣುಗು. ದನ ತೊಳೆದವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ವಿಮಾನದ ಮಾತು ಬಂದೊಡನೆ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಎತ್ತಿಕೊಂಡು ಬರುವವರಿದ್ದಾರೆ. ಅದರಲ್ಲಿನ ವಿಮಾನಗಳು ಹಾರಲಾರವೆಂದು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರಿಶೀಲಿಸಿ ತೀರ್ಪಿತ್ತರು. ನನ್ನ ಆಟದ ವಿಮಾನದ ಬಗ್ಗೆ ಅದೇ ತೀರ್ಪು ಕೊಡಲು ಪಕ್ಕದ ಮನೆಯ ಹುಡುಗನೊಬ್ಬನೇ ಸಾಕಾದ.

ಈಗ ವಿಷಯ. ಆಟದ ವಿಮಾನದ ಗ್ಲೋ ಎಂಜಿನ್ನಿಗೆ ಬೇರೆ ಆಯಿಲ್ ತೊಟ್ಟಿಯಿಲ್ಲ. ಇಂಧನದಲ್ಲೇ ಎಣ್ಣೆ ಬೆರೆತಿರಬೇಕು. ಮೆಥನಾಲ್ 80 ಭಾಗ, ಹರಳೆಣ್ಣೆ 20 ಭಾಗ, ಇದು ಮೂಲಪಾಠ. ಉಳ್ಳವರು ನೈಟ್ರೊಮೀಥೇನ್ ಬೆರೆಸುತ್ತಾರೆ. ಉಳಿದವರು ಬೆರೆಸಿದಂತೆ ಮಾತಾಡುತ್ತಾರೆ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳು ಮೆಥನಾಲಿನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ. ಅದರಲ್ಲಿ ನೂರಕ್ಕೆ ಹೆಚ್ಚುಕಡಿಮೆ ತೊಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಆ ಆಮ್ಲದ ಬೆನ್ನಿಗೊಂದು ಹೈಡ್ರಾಕ್ಸಿಲ್ ಗುಂಪು. ಮದ್ಯಸಾರದ ಸಹವಾಸ ಹಿಡಿಸುವುದು ಈ ಗುಂಪಿನ ದೆಸೆಯಿಂದ. ಒಳ್ಳೆ ಮನೆತನದ ಹುಡುಗನೂ ಗುಂಪಿನ ದೆಸೆಯಿಂದಲೇ ಕೆಡುವುದು.

ಎಂಜಿನ್ನಿಗೆ ಹರಳೆಣ್ಣೆ ಕುಡಿಸುವುದರ ಚರಿತ್ರೆ ದೊಡ್ಡದು. ಮೊದಲನೇ ಮಹಾಯುದ್ಧದ ನೋಮ್, ಲೆ ರೋನ್ ಎಂಜಿನ್ನುಗಳು ಪ್ರೊಪೆಲ್ಲರಿನ ಜೊತೆ ತಾವೂ ಗಿರಗಿರನೆ ಸುತ್ತುತ್ತ, ಕುಡಿದ ಹರಳೆಣ್ಣೆಯನ್ನು ಹೊರಕ್ಕೆ ಎರಚುತ್ತಿದ್ದವು. ಎದುರಿಗೆ ಕೂತ ಪೈಲಟ್ಟನ ಮುಖಕ್ಕೆ ಅಭ್ಯಂಜನ, ಬಾಯಿಗೆ ತೀರ್ಥ. ಪರಿಣಾಮ ಎಲ್ಲಿ ಆಗುತ್ತಿತ್ತೆಂಬುದನ್ನು ಬಾಲ್ಯದಲ್ಲಿ ಅಜ್ಜಿಯ ಕೈಗೆ ಸಿಕ್ಕವರೆಲ್ಲ ಬಲ್ಲರು. ‘ಹರಳೆಣ್ಣೆ ಕುಡಿದ ಮುಖ’ ಎಂಬ ನುಡಿಗಟ್ಟು ಅಲ್ಲಿ ವಾಯುಸೇನೆಯ ವರದಿಯಾಗಿತ್ತು. ಕ್ಯಾಸ್ಟ್ರಾಲ್ ಕಂಪನಿಯ ಹೆಸರಿನಲ್ಲೂ ಅಡಗಿರುವುದು ಇದೇ ಹರಳು.

ಎಣ್ಣೆಯನ್ನು ಆರಿಸುವುದಕ್ಕೆ ಪ್ರಮಾಣಗಳು ನಾಲ್ಕು. ಉಪಮಾನವನ್ನು ಬೇಗ ಮುಗಿಸೋಣ: ‘ಜೇನಿನ ಹಾಗಿದೆ’ ಎಂದರೆ ಕೊಳ್ಳಬೇಡಿ, ಒಳ್ಳೆಯ ಎಣ್ಣೆ ಅದಕ್ಕಿಂತ ತೆಳುಬಣ್ಣ. ಅನುಮಾನವೆಂದರೆ ಬೆಲೆ, ಅಗ್ಗವಾದಷ್ಟೂ ಅನುಮಾನ.

ಶಬ್ದಪ್ರಮಾಣಕ್ಕಾಗಿ ನಾನು ಗ್ರಂಥಾಲಯ ಬಿಟ್ಟು ಗ್ರಂಥಿಗೆ ಅಂಗಡಿಗೆ ಹೋದೆ. ಐದು ಲೀಟರ್ ಹರಳೆಣ್ಣೆ ಅಂದೆ.

“ಏನಕ್ಕೆ ಸಾರ್? ತಲೆಗಾ, ದೀಪಕ್ಕಾ, ಹೊಟ್ಟೆಗಾ?”

“ವಿಮಾನಕ್ಕೆ.”

ಅವರು ಕಣ್ಣು ಮಿಟುಕಿಸಲಿಲ್ಲ. “ಎಚ್‌ಎಎಲ್‌ನೋರಾ?” ಎಂದರು. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ದೇಶಸೇವೆಯ ಲೆಕ್ಕದಲ್ಲಿ ಲೀಟರಿಗೆ ಐದು ರೂಪಾಯಿ ಇಳಿಸಿ, “ಲೋ, ಆ ಕ್ಯಾನ್ ಇಳಿಸೋ” ಎಂದರು. ಇದಕ್ಕೂ ಮುಂಚೆ ಔಷಧಿ ಅಂಗಡಿಯಲ್ಲಿ ಇದೇ ಐದು ಲೀಟರ್ ಕೇಳಿದಾಗ ಕೌಂಟರಿನ ಹೆಂಗಸು ನನ್ನನ್ನು ಮರುಕದಿಂದ ನೋಡಿ, “ಮನೇಲಿ ಎಷ್ಟು ಜನ ಇದೀರಾ?” ಎಂದಿದ್ದರು. ಒಬ್ಬೊಬ್ಬರಿಗೆ 30 ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ 166 ಜನರಾಗುತ್ತದೆ. ಒಂದು ಸಣ್ಣ ಮದುವೆ. ಅಲ್ಲಿ ಕಡೆಗೆ ನೂರು ಮಿಲಿಲೀಟರಿನ ಸೀಸೆ ಒಂದನ್ನಷ್ಟೆ ಕೊಟ್ಟರು.

ಮೂರನೆಯ ಎಣ್ಣೆ ಊರಿನದು. ಅಮ್ಮ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಲ್ಲಿ ತೆಗೆದು ಇಳಿಸಿದ್ದು. ಕುಲಗೌರವದ ಪ್ರಶ್ನೆಯಾದ್ದರಿಂದ ಅದನ್ನೂ ಪರೀಕ್ಷೆಗೆ ಸೇರಿಸಿಕೊಂಡೆ.

ಪ್ರತ್ಯಕ್ಷವೇ ಪ್ರಬಲ. ಉಪ್ಪಿನಕಾಯಿಯ ವಾಸನೆ ಹೋಗುವವರೆಗೆ ತೊಳೆದು ಒಣಗಿಸಿದ ಮೂರು ಗಾಜಿನ ಸೀಸೆ. ಒಂದೊಂದರಲ್ಲೂ 20 ಮಿಲಿಲೀಟರ್ ಎಣ್ಣೆ, 80 ಮಿಲಿಲೀಟರ್ ಮೆಥನಾಲ್. ಮುಚ್ಚಳ ಬಿಗಿದು ಅಲ್ಲಾಡಿಸಿ, ಟೆರೇಸಿನ ನೆರಳಲ್ಲಿ ಒಂದು ರಾತ್ರಿ ಇಟ್ಟೆ. ಬೆಳಗ್ಗೆ ನೋಡಿದರೆ ಔಷಧಿ ಅಂಗಡಿಯ ಎಣ್ಣೆ ತಿಳಿ ಹೊನ್ನಿನ ಬಣ್ಣದಲ್ಲಿ ಒಂದೇ ದ್ರವವಾಗಿತ್ತು. ಸೀಸೆಯ ಹಿಂದೆ ಹಿಡಿದ ದಿನಪತ್ರಿಕೆಯ ಸಣ್ಣಕ್ಷರ ಓದಬಹುದಿತ್ತು. ದೇಶಸೇವೆಯ ಎಣ್ಣೆ ಮೇಲೆ ಮಬ್ಬು, ತಳದಲ್ಲಿ ಅರ್ಧ ಬೆರಳು ಬೇರೆಯೇ ಎಣ್ಣೆ. ಮೆಥನಾಲಿಗಿಂತ ಭಾರವಾದ್ದರಿಂದ ಕಲಬೆರಕೆ ಮುಳುಗಿ ಕೂತಿತ್ತು. ಅಮ್ಮನ ಎಣ್ಣೆಯಲ್ಲಿ ಕಲಬೆರಕೆ ಇರಲಿಲ್ಲ, ನೀರಿನ ಪಸೆಯೂ ಬೀಜದ ಅಂಟೂ ಇತ್ತು. ತಳದಲ್ಲಿ ಕಂದು ಗಸಿ. ಸೂಜಿಯ ಮೊನೆಯಷ್ಟು ಸಂದಿಯಲ್ಲಿ ಇಂಧನ ಹರಿಸುವ ಎಂಜಿನ್ನಿಗೆ ಆ ಗಸಿ ಆಗದು. ಫಲಿತಾಂಶವನ್ನು ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ ಬಂದ ಖಂಡನೆಯನ್ನು ಯಥಾವತ್ತಾಗಿ ಕೊಡುತ್ತೇನೆ: “ಆ ಎಣ್ಣೆ ವಿಮಾನಕ್ಕೆ ಕುಡಿಸೋ ಬದ್ಲು ತಲೆಗೆ ಹಚ್ಕೊಂಡಿದ್ರೆ ನಾಕು ಕೂದ್ಲಾದ್ರೂ ಉಳೀತಿತ್ತು.” ಇದಕ್ಕೆ ಸಮಾಧಾನ ನನ್ನಲ್ಲಿಲ್ಲ.

ಸಿಂಥೆಟಿಕ್ ಎಣ್ಣೆಯ ನಾಸ್ತಿಕರು ಹರಳೆಣ್ಣೆ ಪಿಸ್ಟನ್ನಿಗೆ ಕಂದು ವಾರ್ನಿಷ್ ಬಳಿಯುತ್ತದೆ ಎನ್ನುತ್ತಾರೆ. ನಿಜ. ಎಂಜಿನ್ನನ್ನು ಮಳೆಗಾಲವಿಡೀ ಬಿಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗಿ ಪ್ರೊಪೆಲ್ಲರ್ ಅಲುಗದು. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಬೇಕು, ಅದು ನಮ್ಮ ಮನೆಯಲ್ಲಿ ಆ ಯಂತ್ರಕ್ಕಿರುವ ಏಕೈಕ ಉದ್ಯೋಗ. ಆದರೆ ಇಂಧನ ಕಡಿಮೆ ಬಿದ್ದು ಎಂಜಿನ್ ಕೆಂಡವಾದಾಗ ಸಿಂಥೆಟಿಕ್ ಸುಟ್ಟು ಹೋಗುತ್ತದೆ, ಹರಳೆಣ್ಣೆ ಇನ್ನಷ್ಟು ಮಂದವಾಗಿ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ. ಎರಡನ್ನೂ ಬೆರೆಸುವ ಸಮನ್ವಯವಾದಿಗಳೇ ಈಗ ಹೆಚ್ಚು.

ನಿರ್ಣಯ: ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ) ಗ್ರೇಡಿನ, ಮೊದಲ ಒತ್ತಿನ, ತೆಳು ಹಳದಿ ಎಣ್ಣೆಯನ್ನು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಕೊಳ್ಳಿ. ಒಂದು ಲೀಟರಿಗೆ ಐದು ಲೀಟರ್ ಇಂಧನವಾಗುತ್ತದೆ. ಬೆರೆಸದೆ ಮಿಕ್ಕ ಎಣ್ಣೆ ತಲೆಗಾದೀತು. ಬೆರೆಸಿದ್ದನ್ನು ಮಾತ್ರ ಅಡುಗೆಮನೆಯ ಹತ್ತಿರಕ್ಕೂ ತರಬೇಡಿ. ಮೆಥನಾಲ್ ಕಣ್ಣು ಕಳೆಯುವ, ಜೀವ ತೆಗೆಯುವ ವಿಷ. ಕ್ಯಾನಿನ ಮೇಲೆ ‘ವಿಷ’ ಎಂದು ಕೆಂಪು ಇಂಕಿನಲ್ಲಿ, ಮನೆಯವರೆಲ್ಲ ಓದಬಲ್ಲ ಭಾಷೆಯಲ್ಲಿ, ದಪ್ಪಕ್ಕೆ ಬರೆದು ಬೀಗದಲ್ಲಿಡಿ.