ಹಲ್ಲೆಂಬ ಮಾಯಿಶ್ಚರ್ ಮೀಟರ್

ಮಗ್ಗೆ, ಸಕಲೇಶಪುರದ ಕಡೆ ಕಾಫಿ ಒಣಗಿತೋ ಇಲ್ಲವೋ ಎಂದು ನೋಡಲು ಮೀಟರಿಗಿಂತ ಮೊದಲು ಬಂದದ್ದು ಹಲ್ಲು. ಕಣದಿಂದ ನಾಲ್ಕು ಚೆರ್ರಿ ಎತ್ತಿ, ಸಿಪ್ಪೆ ಬಿಡಿಸಿ, ಬೀಜವನ್ನು ದವಡೆಗಿಟ್ಟು ಅದುಮಬೇಕು. ಹಲ್ಲು ಇಳಿದರೆ ಹಸಿ, ಕಟ್ ಎಂದರೆ ಮೂಟೆ ಕಟ್ಟಬಹುದು. ಕಾಫಿ ಬೋರ್ಡು ರೊಬಸ್ಟಾ ಚೆರ್ರಿಗೆ ಶೇ. 11ರ ತೇವ ಎನ್ನುತ್ತದೆ, ಸರಿ. ಆದರೆ ವ್ಯಾಪಾರಿಯ ಮೀಟರು ಯಾವತ್ತೂ ವ್ಯಾಪಾರಿಯ ಪರವಾಗಿಯೇ ತೇವ ತೋರಿಸುತ್ತದೆ ಎಂಬ ಗುಮಾನಿ ಬೆಳೆಗಾರನಿಗೆ ಹುಟ್ಟಿನಿಂದಲೇ ಬಂದದ್ದು.

ಮೊನ್ನೆ ಅದುಮಿದೆ. ಕಟ್ ಎಂದಿತು. ಒಣಗಿದೆ ಎಂದು ಹಿಗ್ಗಿದೆ. ಉಗಿದು ನೋಡಿದರೆ ಬೀಜ ಇಡಿಯಾಗಿತ್ತು.

ನಾಲಿಗೆ ಒಳಗೆ ಹೋಗಿ ಮಹಜರು ಮಾಡಿತು. ಹಳೆಯ ಫಿಲ್ಲಿಂಗ್ ಮಾಯ, ಪಕ್ಕದ ಗೋಡೆಯೂ ಅರ್ಧ ಕುಸಿದಿದೆ, ಥೇಟ್ ಮಳೆಗಾಲದ ಶಿರಾಡಿ ಘಾಟಿ. “ಯಾರೂ ಕಾಲಿಡಬೇಡಿ!” ಎಂದು ಕೂಗಿದೆ. ಕಾಫಿ ಕೆದಕುತ್ತಿದ್ದ ಹೆಂಗಸರು ನಿಂತರು. “ಏನ್ ಬಿತ್ತಣ್ಣ, ಉಂಗ್ರಾನಾ?” “ಹಲ್ಲಿನ ಬೆಳ್ಳಿ,” ಎಂದೆ. ಸುಳ್ಳಲ್ಲ, ಆ ಹಳೇ ಬೂದು ಫಿಲ್ಲಿಂಗಿನಲ್ಲಿ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಬೆಳ್ಳಿ ಎಂದದ್ದೇ ತಡ, ಎಲ್ಲರೂ ಕುಕ್ಕರುಗಾಲಲ್ಲಿ ಕೂತರು. ಮೊರ ಬಂತು, ಜರಡಿ ಬಂತು. ಮಗ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಕಣದುದ್ದಕ್ಕೂ ಎಳೆದ. ಪಾದರಸ, ಬೆಳ್ಳಿಗೆ ಅಯಸ್ಕಾಂತದ ದಾಕ್ಷಿಣ್ಯವೆಲ್ಲಿ? ತುಕ್ಕು ಹಿಡಿದ ಮೊಳೆಗಳು ಬಂದವು. ನಾನೋ, ಸಿಕ್ಕಿದ ಬೂದು ಚೂರನ್ನೆಲ್ಲ ತೊಳೆದು, ಹಲ್ಲಿನ ಗುಂಡಿಗೆ ಕೂರುತ್ತದೆಯೇ ಎಂದು ಬಾಯಿಗಿಟ್ಟು ನೋಡುತ್ತಿದ್ದೆ. ಕೂತ ಹಾಗೂ ಅನಿಸುತ್ತಿತ್ತು. ಕೊನೆಗೆ ಹಿರಿಯಾಕೆಗೆ ಸಾಕಾಯಿತು. “ಅಣ್ಣ, ಕಾಫಿ ಒಣಗಿದ್ಯೋ ಇಲ್ವೋ ಅದನ್ ಹೇಳಿ. ಹಲ್ಲು ಆಮೇಲ್ ನೋಡನ.”

ಬೆಂಗಳೂರಿನ ಭಾಮೈದ ಫೋನಿನಲ್ಲಿ, ಆಸ್ಪಿರಿನ್ ಪುಡಿ ಮಾಡಿ ಗುಂಡಿಗೆ ತುಂಬಿ ಎಂದ. ಅವನು ಸಾಫ್ಟ್‌ವೇರಿನವನು, ವಸಡು ಸುಡುವುದು ಅವನದಲ್ಲವಲ್ಲ! ಹೆಂಡತಿ ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಹತ್ತಿಗೆ ಒಂದು ಹನಿ ಲವಂಗದೆಣ್ಣೆ ಹಾಕಿ ಹಲ್ಲಿಗಿಟ್ಟಳು. ಆ ರಾತ್ರಿ ಎಡದವಡೆಯಲ್ಲೇ ಅಕ್ಕಿರೊಟ್ಟಿ.

ಮರುದಿನ ಹಾಸನದ ಡಾಕ್ಟರ ಮುಂದೆ ಆ ಚೂರುಗಳ ಪೊಟ್ಟಣ ಬಿಚ್ಚಿದೆ. “ಇದು ಬೆಣಚುಕಲ್ಲು. ಇದೂ ಕಲ್ಲೇ. ಕ್ಯಾಪ್ ಬಿದ್ದಿದ್ರೆ ತರಬೇಕು, ಮತ್ತೆ ಅಂಟಿಸಬಹುದು. ಹಲ್ಲೇ ಬುಡಸಮೇತ ಬಿದ್ದಿದ್ರೆ ಬೇರು ಮುಟ್ಟದೆ ಹಾಲಲ್ಲಿ ಹಾಕ್ಕೊಂಡು, ಗಂಟೆಯೊಳಗೆ ಓಡಿ ಬರಬೇಕು. ಹಳೇ ಫಿಲ್ಲಿಂಗ್ ತಂದು ನಾನೇನ್ ಮಾಡ್ಲಿ?” ಸದ್ಯಕ್ಕೆಂದು ಅವರು ಮೆತ್ತಿದ್ದು ಜಿಂಕ್ ಆಕ್ಸೈಡಿಗೆ ಯೂಜಿನಾಲ್ ಕಲಸಿದ ಸಿಮೆಂಟು. ಯೂಜಿನಾಲ್ ಎಂದರೆ ಲವಂಗದೆಣ್ಣೆಯ ಸಾರ. ನಮ್ಮ ಅಡುಗೆಮನೆಯ ವಾಸನೆಗೇ ಫೀಸು ಕೊಟ್ಟು ಬಂದೆ. ಕಾಫಿಯೂ ಆ ವಾರವೇ ಮಾರಿಹೋಯಿತು. ತೂಕದಲ್ಲಿ ನನ್ನ ಫಿಲ್ಲಿಂಗಿಗೂ ದುಡ್ಡು ಸಿಕ್ಕಿರಬೇಕು.

“ಹಲ್ಲಿಗೆ ಎಷ್ಟಾಯ್ತಣ್ಣ?” ಎಂದು ಹಿರಿಯಾಕೆ ಕೇಳಿದಳು. ಹೇಳಿದೆ. ನಕ್ಕು ಬಾಯಿ ತೆರೆದು ತೋರಿಸಿದಳು. ದವಡೆಯೆಲ್ಲ ಖಾಲಿ. “ನಾವು ಕೀಳಿಸ್‌ಬಿಡದೇಯ. ತುಂಬ್ಸಕ್ಕೆ ಮೂರ್ ಸಲ ಬಾ ಅಂತಾರೆ, ಹೋದಾಗೆಲ್ಲ ಒಂದಿನದ ಕೂಲಿ ಹೋಯ್ತದೆ.”

ಆ ಕೂಲಿ ಕೊಡುವವನು ನಾನೇ. ಇಷ್ಟು ವರ್ಷದಲ್ಲಿ ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ.

“ಕೂಲಿ ಹಿಡಿಯಲ್ಲ, ಹೋಗಿ ಬಾ,” ಎಂದೆ.

“ನಂದ್ರಲ್ಲಿ ತುಂಬ್ಸಕ್ಕೆ ಏನೈತೆ? ಮಗಳನ್ನ ಕಳಿಸ್ತೀನಿ, ಅವಳದು ಹುಳುಕಾಗದೆ. ಈಗ್ಲೇ ಪುಸ್ತಕದಲ್ಲಿ ಬರ್ಕಳಿ ಅಣ್ಣ, ನಿಮಗ್ ಮರ್ತೋಯ್ತದೆ.”