ಮರಕ್ಕೆ ಗುದ್ದುವುದರ ಮೀಮಾಂಸೆ: ಸರ್ವೈವಲ್ ಗೇಮ್‌ಗಳ ಲೋಕೋಪಯೋಗ ಕುರಿತು ಒಂದು ಶಾಸ್ತ್ರವಿಚಾರ

ಸರ್ವೈವಲ್ ಗೇಮ್‌ಗಳಲ್ಲಿ ಪಳಗಿದವನು ಲೋಕದ ಎಂಥ ಕಷ್ಟವನ್ನೂ ದಾಟಬಲ್ಲನೆಂಬುದು ವಾದ. ವಾದಿ ನಮ್ಮ ಸೋದರಳಿಯ. ವಾದಸ್ಥಳ ಊಟದ ಮೇಜು. ಕಾಲ, ಅವನ ಸೆಮಿಸ್ಟರ್ ಅಂಕಪಟ್ಟಿ ಬಂದ ಸಂಜೆ. ‘ಮಾವ, ಇದು ಬರೀ ಆಟ ಅಲ್ಲ, ಸ್ಕಿಲ್ಲು’ ಎಂದು ಅವನು ನುಡಿದದ್ದನ್ನು ನಾವು ಮೂಲಸೂತ್ರವಾಗಿ ಅಂಗೀಕರಿಸಿದ್ದೇವೆ. ಪೂರ್ವಪಕ್ಷಕ್ಕೆ ಕೈತುಂಬ ಅವಕಾಶ ಕೊಟ್ಟು, ಆಮೇಲೆ ಅದರ ತಲೆಯ ಮೇಲೆ ಕಲ್ಲು ಹಾಕುವುದು ಶಾಸ್ತ್ರಪದ್ಧತಿ. ನಮ್ಮದೂ ಅದೇ.

ಮೊದಲ ಆಕರ ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಹೊರಬಿಟ್ಟ ಆಟ. ಅದರ ಕಂಪನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೆಲೆಯೇ ಪ್ರಮಾಣವಾಗಿರುವ ಈ ಕಾಲದಲ್ಲಿ ಇದು ಪ್ರಮಾಣಗ್ರಂಥವೆಂಬುದರಲ್ಲಿ ತಕರಾರಿಲ್ಲ. ಇದರ ಪ್ರಥಮ ವಿಧಿ: ಕಣ್ಣು ಬಿಟ್ಟೊಡನೆ ಹತ್ತಿರದ ಮರಕ್ಕೆ ಗುದ್ದತಕ್ಕದ್ದು. ಬರಿಗೈಯಲ್ಲಿ ಗುದ್ದಿದರೂ ಕಾಂಡ ತುಂಡುತುಂಡಾಗಿ ಕೈಗೆ ಬರುತ್ತದೆ. ಬುಡ ಕಿತ್ತರೆ ಮೇಲಿನ ಕಾಂಡ ಗಾಳಿಯಲ್ಲಿ ಹಾಗೆಯೇ ನಿಂತಿರುತ್ತದೆ; ಅಲ್ಲಿ ಗುರುತ್ವಾಕರ್ಷಣೆಯ ಆಳ್ವಿಕೆ ಮರಳು, ಜಲ್ಲಿ ಮುಂತಾದ ಬಡಪಾಯಿಗಳ ಮೇಲೆ ಮಾತ್ರ. ಬೆಂಗಳೂರಿನಲ್ಲಿ ಇದೇ ವಿಧಿಯನ್ನು ಆಚರಿಸಹೊರಟವನಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮರ ಕಡಿಯಲು ಅನುಮತಿ ಬೇಕು, ಅನುಮತಿಗೆ ಅರ್ಜಿ ಬೇಕು. ಆಟದಲ್ಲಿ ಸದ್ದಿಲ್ಲದೆ ಬಂದು ಸಿಡಿಯುವ ಹಸಿರು ಕ್ರೀಪರ್ ಇದೆ, ಬಾಣ ಬಿಡುವ ಅಸ್ಥಿಪಂಜರವಿದೆ. ಅರ್ಜಿ ನಮೂನೆ ಮಾತ್ರ ಹುಡುಕಿದರೂ ಇಲ್ಲ. ಅಸ್ಥಿಪಂಜರವನ್ನು ಕತ್ತಿಯಿಂದ ಕೆಡವಬಹುದು. ‘ಸಾಹೇಬ್ರು ಮೀಟಿಂಗಲ್ಲಿದಾರೆ’ ಎಂಬ ವಾಕ್ಯವನ್ನು ಕೆಡವುವ ಆಯುಧ ಯಾವ ಮಟ್ಟದಲ್ಲೂ ದೊರೆಯದು.

ಮುಂದಿನದು ಹೊರೆಯ ವಿಚಾರ. ಆಟಗಾರನ ಜೋಳಿಗೆಗೆ 36 ಖಾನೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಚಿನ್ನದ ಗಟ್ಟಿಗಳು ಒಂದೊಂದು ಖಾನೆಯಲ್ಲೂ 64 ಹಿಡಿಯುತ್ತವೆ. ಒಂದು ಘನಮೀಟರ್ ಚಿನ್ನ 19 ಟನ್ನಿಗೂ ಮಿಗಿಲು. ಹಾಗಾಗಿ 2,304 ಗಟ್ಟಿ, ಸುಮಾರು 44 ಸಾವಿರ ಟನ್. ಇಷ್ಟನ್ನೂ ಹೊತ್ತು ಅವನು ಓಡುತ್ತಾನೆ, ಜಿಗಿಯುತ್ತಾನೆ, ಈಜುತ್ತಾನೆ. ಇತ್ತ ನಮ್ಮ ಕೋಲಾರದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರಲ್ಲಿ ಬೀಗ ಬೀಳುವ ತನಕ ನೂರಿಪ್ಪತ್ತು ವರ್ಷ ಬಂಡೆ ಒಡೆದು ತೆಗೆದ ಚಿನ್ನ ಒಟ್ಟು ಸುಮಾರು 800 ಟನ್. ಅಂದರೆ 41 ಗಟ್ಟಿ, ಚಿಲ್ಲರೆ. ತಲೆಮಾರುಗಟ್ಟಲೆ ಜನ ಕಾದ ಕಲ್ಲಿನ ಸೆಕೆಯಲ್ಲಿ ಬೆಂದು, ಬಂಡೆ ಸಿಡಿದು ಸತ್ತವರನ್ನು ಮೇಲಕ್ಕೆ ಹೊತ್ತು ತಂದು ಗಳಿಸಿದ್ದೆಲ್ಲ ಸೋದರಳಿಯನ ಜೋಳಿಗೆಯ ಒಂದು ಖಾನೆಯನ್ನೂ ತುಂಬಿಸದು. ಇದನ್ನು ಅವನ ಗಮನಕ್ಕೆ ತಂದೆವು. ‘ಅವರ ಹತ್ರ ಡೈಮಂಡ್ ಪಿಕಾಕ್ಸ್ ಇರ್ಲಿಲ್ವಲ್ಲ ಮಾವ’ ಎಂದ, ತೆರೆಯಿಂದ ಕಣ್ಣು ತೆಗೆಯದೆ. ತರ್ಕದಲ್ಲಿ ದೋಷವಿಲ್ಲ.

ಕಾಲಗಣನೆಯಲ್ಲಂತೂ ಒಂದು ಹಳೆಯ ಕೌಟುಂಬಿಕ ಸಮಸ್ಯೆಗೆ ಪರಿಹಾರವೇ ದೊರಕಿತು. ಮೈನ್‌ಕ್ರಾಫ್ಟಿನ ಒಂದು ದಿನ ನಮ್ಮ 20 ನಿಮಿಷ. ಎಂದರೆ ನಮ್ಮ ಒಂದು ನಿಮಿಷಕ್ಕೆ ಅಲ್ಲಿ 72 ನಿಮಿಷ ಸಂದಿರುತ್ತದೆ. ಊಟಕ್ಕೆ ಕರೆದಾಗ ‘ಒಂದ್ನಿಮಿಷ ಅಮ್ಮ’ ಎಂದವನು ಒಂದೂಕಾಲು ಗಂಟೆಯ ಮೇಲೆ ಬರುವುದು ಸುಳ್ಳಲ್ಲ, ಮಾನಾಂತರ. ರಾತ್ರಿ ಹತ್ತಕ್ಕೆ ಕೂತು ನಾಲ್ಕಕ್ಕೆ ಎದ್ದರೆ ಅಲ್ಲಿ 18 ದಿನ ಕಳೆದಿರುತ್ತದೆ. ಅಷ್ಟೂ ದಿನ ತೆರೆಯ ಮೇಲಿನವನು ಹೊತ್ತುಹೊತ್ತಿಗೆ ಉಂಡು, ಹಸಿವಿನ ಪಟ್ಟಿಯ ಹತ್ತು ಕೋಳಿಕಾಲುಗಳನ್ನು ತುಂಬಿಸಿಕೊಳ್ಳುತ್ತಾನೆ. ಅವನನ್ನು ಆಡಿಸುವವನ ತಟ್ಟೆಯಲ್ಲಿ, ಮುಚ್ಚಿಟ್ಟ ಮುಚ್ಚಳದ ಕೆಳಗೆ, ಅನ್ನ ಬೆವತು ಸಾರು ಕೆನೆಗಟ್ಟಿರುತ್ತದೆ.

ಇನ್ನು ಸಿದ್ಧಾಂತಪಕ್ಷ. ಕೆನಡಾದ ಕ್ಲೈ ಎಂಬ ಸಂಸ್ಥೆ 2013ರಲ್ಲಿ ತಂದ ಡೋಂಟ್ ಸ್ಟಾರ್ವ್ ಆಟದಲ್ಲಿ ಹೊಟ್ಟೆಗೊಂದು, ಜೀವಕ್ಕೊಂದು, ಬುದ್ಧಿಯ ಸ್ತಿಮಿತಕ್ಕೊಂದು ಮೀಟರ್ ಇದೆ. ಸ್ತಿಮಿತ ತಪ್ಪುವಂತಿದ್ದರೆ ಹೂವು ಕಿತ್ತರಾಯಿತು, ಮುಳ್ಳು ಮೇಲೇರುತ್ತದೆ. ಈ ಆಟಗಳ ಸುಖವೆಲ್ಲ ಈ ಮೀಟರಿನಲ್ಲಿದೆ. ಕಷ್ಟವೇನೋ ಇದೆ, ಆದರೆ ಕಣ್ಣೆದುರು ಅಳತೆಗೆ ಸಿಗುವಂತಿದೆ. ಗುದ್ದಿದ್ದಕ್ಕೆ ಗುದ್ದಿದಷ್ಟು ಫಲವಿದೆ. ಮನೆ ಮಾಲೀಕರ ಹಣೆಯ ಮೇಲೆ ಇಂಥದ್ದೊಂದು ಮೀಟರ್ ಇದ್ದಿದ್ದರೆ ಬಾಡಿಗೆಯ ಮಾತು ಯಾವಾಗ ತೆಗೆಯಬೇಕೆಂದು ತಿಳಿಯುತ್ತಿತ್ತು. ತೋಳ, ಕರಡಿ, ಹಿಮ, ಹಸಿವು ಎಲ್ಲವೂ ಇರುವ ಆ ಕಾಡುಗಳಲ್ಲಿ ನೆಂಟರಿಲ್ಲ. ‘ಮುಂದೇನು ಮಾಡ್ಬೇಕು ಅಂತಿದೀಯಪ್ಪಾ?’ ಎಂದು ಮದುವೆಮನೆಯಲ್ಲಿ ಕೈ ಹಿಡಿದು ನಿಲ್ಲಿಸುವ ಪ್ರಾಣಿ ಯಾವ ಆಟದಲ್ಲೂ ಸೃಷ್ಟಿಯಾಗಿಲ್ಲ.

ಗುದ್ದಿದಷ್ಟು ಫಲವೆಂಬ ಈ ನಿಯಮಕ್ಕೆ ಒಂದೇ ಅಪವಾದ. ಪೋಲೆಂಡಿನ ವಾರ್ಸಾದಲ್ಲಿ 2014ರಲ್ಲಿ ತಯಾರಾದ ದಿಸ್ ವಾರ್ ಆಫ್ ಮೈನ್. 1992ರಿಂದ 1996ರವರೆಗೆ ಸರಯೇವೊ ನಗರ ಅನುಭವಿಸಿದ ಮುತ್ತಿಗೆಯಿಂದ ಹುಟ್ಟಿದ ಈ ಆಟದಲ್ಲಿ ನಾವು ಸೈನಿಕರಲ್ಲ, ಒಡೆದ ಮನೆಯಲ್ಲಿ ಅಡಗಿದ ಸಾಮಾನ್ಯರು. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ಶಾಲೆಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಅಲ್ಲೊಂದು ಮನೆಯಲ್ಲಿ ಮುದುಕ ದಂಪತಿ ಇದ್ದಾರೆ. ಅವರ ಫ್ರಿಜ್ಜಿನಲ್ಲಿ ಊಟವಿದೆ, ಕೈಯಲ್ಲಿ ಆಯುಧವಿಲ್ಲ. ಸೋದರಳಿಯ ಎಲ್ಲವನ್ನೂ ಬಾಚಿಕೊಂಡು ಬಂದ. ಕದ್ದು ತಂದ ಪಾತ್ರ ಮನೆಗೆ ಬಂದು ನೆಲಕ್ಕೆ ಕುಸಿದು ಕೂತಿತು. ‘ಮಾವ, ಊಟ ಇದೆ, ಔಷಧಿ ಇದೆ, ಇವನು ಯಾಕೆ ಎದ್ದೇಳ್ತಿಲ್ಲ?’ ಎಂದು ಅವನು ಮೌಸನ್ನು ಕುಟ್ಟಿ ಕುಟ್ಟಿ ನೋಡಿದ. ಆಮೇಲೆ ಆ ಆಟವನ್ನೇ ಅಳಿಸಿದ. ಕಾರಣ ಕೇಳಿದ್ದಕ್ಕೆ ‘ಬೋರು’ ಎಂದ. ಪ್ರತ್ಯಕ್ಷ, ಅನುಮಾನ, ಶಬ್ದಗಳಲ್ಲಿ ಇದು ಯಾವ ಪ್ರಮಾಣಕ್ಕೆ ಸೇರುತ್ತದೆಂಬುದು ಇನ್ನೂ ಚರ್ಚೆಯಲ್ಲಿದೆ.

ಪ್ರಬಂಧ ಇಷ್ಟಾಗುವಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದು ಪ್ರಬಲವಾದ ಆಕ್ಷೇಪವೊಂದನ್ನು ಎತ್ತಿದಳು: ಗ್ಯಾಸ್ ಮುಗಿದಿದೆ, ಸೀಮೆಗೆಲ್ಲ ಬದುಕೋದು ಹೇಳಿಕೊಡುವ ಇಬ್ಬರು ಮನೆಯಲ್ಲಿದ್ದೀರಿ, ಸಿಲಿಂಡರ್ ಬುಕ್ ಮಾಡುವುದು ಯಾರಿಗೆ ಬರುತ್ತದೆ? ವಾದಿಯೂ ಪ್ರತಿವಾದಿಯೂ ಪರಸ್ಪರ ಮುಖ ನೋಡಿಕೊಂಡರು. ಈ ಒಂದು ವಿಷಯದಲ್ಲಿ ಪೂರ್ವಪಕ್ಷಕ್ಕೂ ಸಿದ್ಧಾಂತಕ್ಕೂ ಭೇದ ಕಂಡುಬರಲಿಲ್ಲ.