ನೀಲಿ ಅಂಗಿ, ಕೆಂಪು ಅಂಗಿ

ಐಸ್ ಹಾಕಿಯ ಗೋಲಿ ಜಾಕ್ ಪ್ಲಾಂಟ್‌ಗೆ ಟೊರೊಂಟೊ ಅಂದರೆ ಉಬ್ಬಸ. ಮಾತಿಗೆ ಹೇಳಿದ್ದಲ್ಲ, ನಿಜವಾದ ಉಬ್ಬಸವೇ. ಚಿಕ್ಕಂದಿನಿಂದ ಅಸ್ತಮಾ ಅಂಟಿಸಿಕೊಂಡಿದ್ದ ಮನುಷ್ಯ. ಮಾಂಟ್ರಿಯಲ್ ಟೀಮಿನ ಜೊತೆ ಟೊರೊಂಟೊಗೆ ಹೋದಾಗ ಎಲ್ಲರೂ ಇಳಿಯುವ ರಾಯಲ್ ಯಾರ್ಕ್ ಹೋಟೆಲಿನಲ್ಲಿ ತನಗೆ ಉಸಿರು ಕಟ್ಟುತ್ತದೆ ಎಂದು ಹಟ ಹಿಡಿದು, ತಾನೊಬ್ಬನೇ ಬೇರೆ ಹೋಟೆಲಿಗೆ ಗಂಟುಮೂಟೆ ಹೊತ್ತುಕೊಂಡು ಹೋಗುತ್ತಿದ್ದ. ಅಂಥವನು 1970ರಲ್ಲಿ, ನಲವತ್ತು ದಾಟಿದ ಮೇಲೆ, ಆಡೋಕೆ ಹೋಗಿ ಸೇರಿದ್ದು ಎಲ್ಲಿಗೆ ಹೇಳಿ? ಟೊರೊಂಟೊ ಮೇಪಲ್ ಲೀಫ್ಸ್‌ಗೆ! ಅನ್ನದ ಋಣ ಯಾವ ಊರಲ್ಲಿ ಬರೆದಿರುತ್ತೋ ಯಾರಿಗೆ ಗೊತ್ತು, ಅಲ್ವಾ?

ಉಬ್ಬಸ ಏನಾಯಿತೋ, ಆಟವಂತೂ ಕೆಡಲಿಲ್ಲ. ಆ ಮೊದಲ ಸೀಸನ್ನಿನಲ್ಲೇ ಪಂದ್ಯಕ್ಕೆ ಸರಾಸರಿ 1.88 ಗೋಲು ಮಾತ್ರ ಬಿಟ್ಟುಕೊಟ್ಟು ಇಡೀ ಲೀಗಿಗೇ ಮೊದಲಿಗನಾದ. ಗೋಲಿಗಳಿಗೆ ಮಾಸ್ಕ್ ರೂಢಿ ಮಾಡಿಸಿದ ಪುಣ್ಯಾತ್ಮ ಇವನೇ ಅನ್ನೋದು ಎಲ್ಲರಿಗೂ ಗೊತ್ತಿರುವುದೇ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಎದುರಾಳಿ ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಮೂಗಿಗೆ ಬಡಿದು ರಕ್ತ ಸುರಿಯಿತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದವನು, ಮಾಸ್ಕ್ ಇಲ್ಲದೆ ಇಳಿಯೋದಿಲ್ಲ ಅಂದ. ಮಾಂಟ್ರಿಯಲ್ ಕೋಚ್ ಟೋ ಬ್ಲೇಕ್‌ಗೆ ಮಾಸ್ಕ್ ಕಂಡರೆ ಆಗದು, ಆದರೆ ಆಗಿನ ಟೀಮಿನಲ್ಲಿ ಎರಡನೇ ಗೋಲಿಯೇ ಇರುತ್ತಿರಲಿಲ್ಲ, ಏನು ಮಾಡ್ತಾನೆ ಪಾಪ. ಇಷ್ಟೆಲ್ಲ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಪ್ರೀತಿ ಪ್ಲಾಂಟ್ ಹೆಣಿಗೆ ಮಾಡುತ್ತಿದ್ದ ಅನ್ನುವುದರ ಮೇಲೆ. ಹನ್ನೊಂದು ಮಕ್ಕಳ ಬಡ ಮನೆಯ ಹಿರಿಮಗ. ಹೆಣಿಗೆ ಕಡ್ಡಿ ಹಿಡಿದು ತನ್ನ ಉಲ್ಲನ್ ಟೋಪಿ ತಾನೇ ಹೆಣೆದುಕೊಳ್ಳುತ್ತಿದ್ದ. ಗೋಲಿನ ಮುಂದೆ ಚಿರತೆ, ಬಿಡುವಿನಲ್ಲಿ ಉಲ್ಲನ್ ದಾರ. ಎಷ್ಟು ಚೆನ್ನಾಗಿದೆ!

ಟೊರೊಂಟೊ–ಮಾಂಟ್ರಿಯಲ್ ಹಗೆ ಎಂಥದ್ದು ಅಂತ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಫ್ರೆಂಚ್. ಒಬ್ಬರದ್ದು ನೀಲಿ ಅಂಗಿ, ಇನ್ನೊಬ್ಬರದ್ದು ಕೆಂಪು. ಆದರೆ ಹಗೆ ಅಷ್ಟು ಗಟ್ಟಿಯಾಗಿದ್ದಕ್ಕೆ ಭಾಷೆಯೊಂದೇ ಕಾರಣವಲ್ಲ, ಲೆಕ್ಕಾಚಾರವೂ ಇದೆ ನೋಡಿ. 1942ರಿಂದ 1967ರ ತನಕ ಇವರು ಆಡುವ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದೇ ಆರು ಟೀಮು. ಸೀಸನ್ನಿಗೆ 70 ಪಂದ್ಯ ಅಂತಾದ ಮೇಲೆ ಒಂದೊಂದು ಟೀಮಿನ ಜೊತೆ 14 ಸಲ ಆಡಬೇಕು. ಹದಿನಾಲ್ಕು ಸಲ ಅದೇ ಮುಖ, ಅದೇ ಮೊಣಕೈ ತಿವಿತ! ಕೆಲವೊಮ್ಮೆ ಶನಿವಾರ ರಾತ್ರಿ ಹೊಡೆದಾಡಿಕೊಂಡ ಎರಡು ಟೀಮು, ಭಾನುವಾರದ ಪಂದ್ಯಕ್ಕೆ ಒಂದೇ ರೈಲಿನಲ್ಲಿ ಬೇರೆ ಬೇರೆ ಬೋಗಿಯಲ್ಲಿ ಕೂತು ಹೋಗಬೇಕಿತ್ತು. ತಿಂಡಿ ತಿನ್ನೋಕೆ ಊಟದ ಬೋಗಿಗೆ ಹೋದರೆ ನಿನ್ನೆ ಮುಷ್ಟಿ ಎತ್ತಿದವನೇ ಎದುರು ಬರಬಹುದು. ಹೇಗೆ ಮುಖ ಕೊಡೋದು?

ಜನರ ಮನಸ್ಸಿನಲ್ಲಿ ಆ ಅಂಗಿ ಎಷ್ಟು ಆಳಕ್ಕೆ ಇಳಿದಿತ್ತು ಅಂದರೆ ಅದರ ಮೇಲೆ ಒಂದು ಕಥೆಯೇ ಇದೆ. ರೋಕ್ ಕ್ಯಾರಿಯರ್ ಬರೆದ ‘ದಿ ಹಾಕಿ ಸ್ವೆಟರ್’. ಕ್ವಿಬೆಕ್‌ನ ಹಳ್ಳಿಯೊಂದರಲ್ಲಿ ಮಕ್ಕಳೆಲ್ಲ ಮಾಂಟ್ರಿಯಲ್ ಆಟಗಾರ ಮೋರಿಸ್ ರಿಶಾರ್‌ನ 9ನೇ ನಂಬರಿನ ಕೆಂಪು ಸ್ವೆಟರ್ ತೊಟ್ಟು ಆಡುವವರು. ಒಬ್ಬ ಹುಡುಗನ ಅಮ್ಮ ಅಂಚೆಯಲ್ಲಿ ಹೊಸ ಸ್ವೆಟರ್ ತರಿಸಿದರೆ ಪೊಟ್ಟಣದೊಳಗಿಂದ ಬಂದದ್ದು ಟೊರೊಂಟೊದ ನೀಲಿ! ವಾಪಸು ಕಳಿಸೋಕೆ ಅಮ್ಮ ಒಪ್ಪಲಿಲ್ಲ. ಆ ಹುಡುಗನ ಹೊಟ್ಟೆಸಂಕಟ ಕೆನಡಾದವರಿಗೆಲ್ಲ ಬಾಯಿಪಾಠ. ಆ ಕಥೆಯ ಸಾಲುಗಳನ್ನು ಐದು ಡಾಲರಿನ ನೋಟಿನ ಮೇಲೇ ಅಚ್ಚು ಹಾಕಿಸಿದ್ದರು. ನಮ್ಮ ಅಕ್ಕನ ಮಗ ಅಲ್ಲಿಂದ ಮೊದಲ ಸಲ ರಜಕ್ಕೆ ಬಂದಾಗ ಆ ನೋಟನ್ನು ತಂದಿದ್ದ. ನೀಲಿ ಕಾಗದ, ಹಿಂದುಗಡೆ ಮಂಜಿನಲ್ಲಿ ಆಡುವ ಮಕ್ಕಳು. ಮನೆಯವರೆಲ್ಲ ಅದರ ಬೆಲೆ ರೂಪಾಯಿಯಲ್ಲಿ ಎಷ್ಟು ಅಂತ ಕೇಳುತ್ತಿದ್ದರೆ ಅವನು ಕಥೆ ಹೇಳುವ ಗಡಿಬಿಡಿಯಲ್ಲಿದ್ದ. ಸರ್ಕಾರದ ನೋಟಿನ ಮೇಲೆ ಆಟದಂಗಳದ ಮಕ್ಕಳನ್ನು ಕೂರಿಸಿದ ದೇಶದ ಮೇಲೆ ನನಗೆ ಅವತ್ತೇ ಅಕ್ಕರೆ ಹುಟ್ಟಿತು.

ಆ ಕಥೆಯ ಹುಡುಗನಿಗೆ ಅಂಗಿ ಆರಿಸಿಕೊಳ್ಳುವ ಅಧಿಕಾರ ಇರಲಿಲ್ಲ ತಾನೇ? ದೊಡ್ಡ ಆಟಗಾರರಿಗೂ ಇರಲಿಲ್ಲ! ಸಹಿ ಮಾಡಿದ ಮೇಲೆ ಆಟಗಾರ ಕ್ಲಬ್ಬಿನ ಸೊತ್ತು. ಇಟ್ಟುಕೊಂಡರೆ ಇಟ್ಟುಕೊಂಡರು, ಬೇರೆಯವರಿಗೆ ಕೊಟ್ಟರೆ ಕೊಟ್ಟರು. ಹೆಣ್ಣುಮಗಳನ್ನು ಮಾತುಕತೆಯೇ ಇಲ್ಲದ ದಾಯಾದಿ ಮನೆಗೆ ಕೇಳದೆ ಕೊಟ್ಟುಬಿಟ್ಟು, ಆಮೇಲೆ ತವರಿನವರೇ ಅವಳ ಮೇಲೆ ಮುನಿಸಿಕೊಂಡ ಹಾಗೆ. ಎರಡು ಕಡೆ ಆಡಿದವನನ್ನು ದ್ರೋಹಿ ಅನ್ನುವವರನ್ನು ಕಂಡರೆ ನನಗೆ ಅದಕ್ಕೇ ಬೇಜಾರು. ಹಗೆ ಸಾಧಿಸೋದು ನೋಡುವ ನಾವು; ಆಡುವವನಿಗೆ ಬರೋದು ಒಂದು ಫೋನು ಕರೆ, ಅಷ್ಟೇ ಅಲ್ವಾ?

ಫ್ರಾಂಕ್ ಮಹೋವ್ಲಿಚ್‌ನದ್ದನ್ನೇ ನೋಡಿ. ಕ್ರೊವೇಷಿಯಾದಿಂದ ವಲಸೆ ಬಂದವರ ಮಗ, ಟಿಮಿನ್ಸ್ ಅನ್ನೋ ಗಣಿ ಊರಿನವನು. ಟೊರೊಂಟೊಗೆ ನಾಲ್ಕು ಸ್ಟ್ಯಾನ್ಲಿ ಕಪ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ, ಗೆಲ್ಲಿಸಿದ: 1962, 63, 64, 67. ಆದರೂ ಟೊರೊಂಟೊ ಜನವೇ ಅವನನ್ನು ಕೂಗಿ ಹಂಗಿಸುತ್ತಿದ್ದರು, ಅಷ್ಟೆತ್ತರದ ಆಳು ಇನ್ನೂ ಜೋರಾಗಿ ಓಡಬಾರದೇ ಅಂತ. ಕೋಚ್ ಪಂಚ್ ಇಮ್ಲಾಕ್ ಅಂತೂ ಹೆಸರನ್ನೂ ಸರಿಯಾಗಿ ಕರೆಯುತ್ತಿರಲಿಲ್ಲ. ವರ್ಷಗಟ್ಟಲೆ ಕೈಕೆಳಗೆ ಆಡಿದ ಹುಡುಗ! ಮನಸ್ಸು ಕುಸಿದು ಅವನು ಆಸ್ಪತ್ರೆ ಸೇರಿದ್ದೂ ಉಂಟು, ಒಂದಲ್ಲ ಎರಡು ಬಾರಿ. ಅವನ ಆಟದ ಅಂದವನ್ನು ನೆನೆದಾಗೆಲ್ಲ ಈ ವಿಷಯ ನೆನಪಾಗಿ ನನ್ನ ಹೊಟ್ಟೆ ಚುರುಕ್ ಅನ್ನುತ್ತದೆ.

ಇವನದ್ದೇ ಇನ್ನೊಂದು ಸಂಗತಿ ಇದೆ, ಅದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1962ರ ಅಕ್ಟೋಬರ್. ಟೊರೊಂಟೊದಲ್ಲಿ ಆಲ್‌ಸ್ಟಾರ್ ಪಂದ್ಯದ ಹಿಂದಿನ ಪಾರ್ಟಿ. ಗ್ಲಾಸುಗಳು ತುಂಬಿ ಖಾಲಿಯಾಗುತ್ತಿರುವ ಹೊತ್ತಲ್ಲಿ ಶಿಕಾಗೊ ಟೀಮಿನ ಮಾಲೀಕ ಜೇಮ್ಸ್ ನಾರಿಸ್, ಮಹೋವ್ಲಿಚ್‌ಗೆ ಹತ್ತು ಲಕ್ಷ ಡಾಲರ್ ಕೊಡ್ತೀನಿ ಅಂದ. ಟೊರೊಂಟೊ ಪಾಲುದಾರ ಹೆರಾಲ್ಡ್ ಬಲಾರ್ಡ್ ಹೂಂ ಅಂದ. ನಾರಿಸ್ ಅಲ್ಲೇ ಜೇಬಿಗೆ ಕೈಹಾಕಿ ಸಾವಿರ ಡಾಲರ್ ಮುಂಗಡವನ್ನೂ ಎಣಿಸಿದ. ಬೆಳಿಗ್ಗೆ ಶಿಕಾಗೊದವರು ಹತ್ತು ಲಕ್ಷದ ಚೆಕ್ ಹಿಡಿದು ಬಾಗಿಲಿಗೆ ಬಂದರೆ, ಅಯ್ಯೋ ಅದೆಲ್ಲ ಆಗೋದಿಲ್ಲ ಅಂದುಬಿಟ್ಟರು ಟೊರೊಂಟೊದವರು. ಎಮ್ಮೆ ವ್ಯಾಪಾರದಲ್ಲಿ ಮುಂಗಡ ತಗೊಂಡು ಹೀಗೆ ಮಾಡಿದರೆ ಸಂತೆಯಲ್ಲಿ ಪಂಚಾಯ್ತಿ ಸೇರುತ್ತಿತ್ತು, ಏನಂತೀರಿ?

1968ರಲ್ಲಿ ಅವನನ್ನು ಡೆಟ್ರಾಯಿಟ್‌ಗೆ ಕೊಟ್ಟರು. ಅಲ್ಲಿಂದ 1971ರ ಜನವರಿಯಲ್ಲಿ ಮಾಂಟ್ರಿಯಲ್‌ಗೆ. ತಮ್ಮ ಪೀಟರ್ ಆಗಲೇ ಅಲ್ಲಿದ್ದ. ಅಣ್ಣತಮ್ಮ ಒಂದೇ ಕೆಂಪು ಅಂಗಿಯಲ್ಲಿ! ಬಂದ ವರ್ಷವೇ ಪ್ಲೇಆಫ್‌ನಲ್ಲಿ 14 ಗೋಲು ಹೊಡೆದ, ಅಲ್ಲಿಯವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ಕಪ್ ಮಾಂಟ್ರಿಯಲ್‌ಗೆ ಬಂತು. ಫೈನಲ್‌ನಲ್ಲಿ ಸೋತದ್ದು ಯಾರು? ಹತ್ತು ಲಕ್ಷಕ್ಕೆ ಅವನನ್ನು ಕೇಳಿದ್ದ ಅದೇ ಶಿಕಾಗೊ. 1973ರಲ್ಲಿ ಮತ್ತೆ ಕಪ್, ಸೋತವರು ಮತ್ತೆ ಅವರೇ. ಎರಡೂ ಊರಿನಲ್ಲಿ ಅವನು ತೊಟ್ಟದ್ದು 27ನೇ ನಂಬರ್. ಅವನು ಮುಂದೆ ಕೆನಡಾದ ಸೆನೆಟ್ಟಿನಲ್ಲಿ ಹದಿನೈದು ವರ್ಷ ಕೂತ. ಅವತ್ತು ಹಂಗಿಸಿದ ಟೊರೊಂಟೊ, 2016ರಲ್ಲಿ ಆ 27ನ್ನು ಇನ್ನು ಯಾರಿಗೂ ಕೊಡೋದಿಲ್ಲ ಅಂತ ತೀರ್ಮಾನಿಸಿತು. ಬುದ್ಧಿ ತಡವಾಗಿಯಾದರೂ ಬಂತಲ್ಲ.

ಡಿಕ್ ಡಫ್‌ನದ್ದೂ ಆರು ಕಪ್ಪಿನ ಲೆಕ್ಕವೇ, ನೀಲಿಯಲ್ಲಿ ಎರಡು, ಕೆಂಪಿನಲ್ಲಿ ನಾಲ್ಕು. ಬರ್ಟ್ ಓಮ್‌ಸ್ಟೆಡ್ ಮಾಂಟ್ರಿಯಲ್‌ನಲ್ಲಿ ನಾಲ್ಕು ಗೆದ್ದು ಟೊರೊಂಟೊಗೆ ಬಂದು 1962ರದ್ದನ್ನೂ ಸೇರಿಸಿಕೊಂಡ. ಆಟಗಾರರು ಮಾತ್ರ ಅಲ್ಲ, ಟೊರೊಂಟೊದಲ್ಲಿ ಮಾಲೀಕರ ಜೊತೆ ಮನಸ್ತಾಪವಾಗಿ 1946ರಲ್ಲಿ ಮಾಂಟ್ರಿಯಲ್‌ಗೆ ನಡೆದ ಫ್ರಾಂಕ್ ಸೆಲ್ಕಿ ಅಲ್ಲಿ ಮ್ಯಾನೇಜರಾಗಿ ಆರು ಕಪ್ ಗೆಲ್ಲುವ ಟೀಮು ಕಟ್ಟಿದ.

ಇದನ್ನೆಲ್ಲ ಹೇಳುವಾಗ ನನಗೆ ನಾಪೋಕ್ಲು ನೆನಪಾಗುತ್ತೆ. ಕೊಡಗಿನ ಕುಟುಂಬಗಳ ಹಾಕಿ ಹಬ್ಬ ಇದೆಯಲ್ಲ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಶುರು ಮಾಡಿದ್ದು. ಅಲ್ಲಿ ಟೀಮು ಅಂದರೆ ಮನೆತನ. ವರ್ಷವಿಡೀ ಸೇನೆಗೋ ಬ್ಯಾಂಕಿಗೋ ರೈಲ್ವೆಗೋ ಒಂದೇ ಜೆರ್ಸಿಯಲ್ಲಿ ಆಡುವ ಹುಡುಗರು ಬೇಸಿಗೆಯಲ್ಲಿ ಊರಿಗೆ ಬಂದು ಎದುರುಬದುರು ನಿಲ್ಲುತ್ತಾರೆ. ನಾಪೋಕ್ಲಿನ ಹಬ್ಬದಲ್ಲಿ ಹಾಗೆ ನಿಂತ ಇಬ್ಬರು ಬಿಸಿಲಲ್ಲಿ ಜೀವ ಬಿಟ್ಟು ಸೆಣಸಿ, ಮುಗಿದ ಮೇಲೆ ಒಂದೇ ಬಾಟಲಿಯ ನೀರು ಕುಡಿಯುತ್ತಾ ಯಾವಾಗ ಡ್ಯೂಟಿಗೆ ವಾಪಸು ಅಂತ ಮಾತಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ನೋಡಿದಿರಾ, ಅಲ್ಲೂ ಹಾಗೇ!

ಮತ್ತೆ ಕೆನಡಾಕ್ಕೆ ಬಂದರೆ, ಈಗಿನವರಿಗೆ ಸಹಿ ಮಾಡುವಾಗ ಸ್ವಲ್ಪ ಮಾತು ಉಂಟು. ಡಗ್ ಗಿಲ್ಮೋರ್ ಟೊರೊಂಟೊದ ಕಣ್ಮಣಿ, 1992–93ರಲ್ಲಿ 127 ಪಾಯಿಂಟ್ ಗಳಿಸಿದವನು. 2001ರಲ್ಲಿ ತಾನಾಗಿಯೇ ಮಾಂಟ್ರಿಯಲ್ ಸೇರಿದ. 2003ರ ಮಾರ್ಚ್‌ನಲ್ಲಿ ಟೊರೊಂಟೊ ಮತ್ತೆ ಕರೆಸಿಕೊಂಡಿತು. ಊರಿಗೆ ಊರೇ ಕಾಯುತ್ತಿತ್ತು. ವಾಪಸು ಬಂದ ಮೊದಲ ಪಂದ್ಯ ಕ್ಯಾಲ್ಗರಿಯಲ್ಲಿ. ಕೆಲವೇ ನಿಮಿಷ ಆಡಿದ್ದ, ಡಿಕ್ಕಿಯಾಗಿ ಮಂಡಿ ಹೋಯಿತು. ಅವನ ಆಟದ ಬಾಳು ಅಲ್ಲಿಗೇ ಮುಗಿಯಿತು. ತವರಿನ ಐಸ್ ಮೇಲೆ ಒಂದು ಸುತ್ತಾದರೂ ಹೊಡೆಯಬಾರದಿತ್ತೇ? ಇಷ್ಟು ವರ್ಷವಾದರೂ ನನಗೆ ಇದು ತಡೆಯೋಕಾಗಲ್ಲ.

ಟೊಮಾಸ್ ಪ್ಲೆಕಾನೆಟ್ಸ್ ಇನ್ನೂ ತಮಾಷೆ. ಜೆರ್ಸಿಯೊಳಗೆ ಕತ್ತು ಮುಚ್ಚುವ ಸ್ವೆಟರ್ ಹಾಕಿಕೊಂಡೇ ಆಡುತ್ತಿದ್ದವನು. ಮಾಂಟ್ರಿಯಲ್‌ನಲ್ಲಿ ವರ್ಷಗಟ್ಟಲೆ ಆಡಿದ್ದವನನ್ನು 2018ರ ಫೆಬ್ರವರಿಯಲ್ಲಿ ಟೊರೊಂಟೊಗೆ ಕೊಟ್ಟರು. ಬೇಸಿಗೆ ಬರುವಷ್ಟರಲ್ಲಿ ತಿರುಗಿ ಮಾಂಟ್ರಿಯಲ್‌ಗೇ ಬಂದು ತನ್ನ 1,000ನೇ ಪಂದ್ಯವನ್ನು ಕೆಂಪು ಅಂಗಿಯಲ್ಲೇ ಆಡಿದ. ನೆಂಟರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದವನ ಥರ, ಅಲ್ವಾ?

2018ರಲ್ಲೇ ಮಾಂಟ್ರಿಯಲ್ ಇನ್ನೊಂದು ವ್ಯಾಪಾರ ಮಾಡಿತು: ಅಲೆಕ್ಸ್ ಗಾಲ್ಚೆನ್ಯುಕ್‌ನನ್ನು ಆರಿಜೋನಾಕ್ಕೆ ಕೊಟ್ಟು ಮ್ಯಾಕ್ಸ್ ಡೋಮಿಯನ್ನು ತಂದರು. ಗಾಲ್ಚೆನ್ಯುಕ್ ಊರೂರು ಸುತ್ತಿ 2021ಕ್ಕೆ ಟೊರೊಂಟೊ ತಲುಪಿದ. ಅದೇ ವರ್ಷ ಪ್ಲೇಆಫ್‌ನಲ್ಲಿ ಟೊರೊಂಟೊ–ಮಾಂಟ್ರಿಯಲ್ ಮುಖಾಮುಖಿ. ಟೊರೊಂಟೊ 3–1 ಮುಂದೆ, ಇನ್ನೊಂದು ಗೆದ್ದರೆ ಸಾಕು. ಐದನೇ ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಕೋವಿಡ್ ಕಾಲ, ಗ್ಯಾಲರಿ ಖಾಲಿ. ಒಂದು ನಿಮಿಷವೂ ಆಗಿಲ್ಲ, ಗಾಲ್ಚೆನ್ಯುಕ್ ನೋಡದೆ ತಳ್ಳಿದ ಪಕ್ ನೇರ ಹೋಗಿ ಸೇರಿದ್ದು ಮಾಂಟ್ರಿಯಲ್‌ನ ನಿಕ್ ಸುಝುಕಿಗೆ. ಗೋಲು! ಮುಂದಿನೆರಡನ್ನೂ ಗೆದ್ದು ಮಾಂಟ್ರಿಯಲ್ ಸರಣಿಯನ್ನೇ ಎತ್ತಿಕೊಂಡು ಹೋಯಿತು. ಹಳೇ ಮನೆಗೆ ಬೇಕಂತಲೇ ಕೊಟ್ಟ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ಹಿಂದಿನ ಪಂದ್ಯದಲ್ಲಿ ಮಾಂಟ್ರಿಯಲ್ ಮೇಲೇ ಗೋಲು ಹೊಡೆದವನು ಅವನು.

ಇನ್ನು ಡೋಮಿ. ಅವನ ಅಪ್ಪ ಟೈ ಡೋಮಿ ಟೊರೊಂಟೊದ ಹೊಡೆದಾಟದ ಹುಲಿ. ಹುಡುಗ ಲೀಫ್ಸ್‌ನ ಡ್ರೆಸ್ಸಿಂಗ್ ರೂಮಿನಲ್ಲೇ ಓಡಾಡಿ ಬೆಳೆದ. ಅವನ ಪಾಲಿನ ದೇವರು ಅಲ್ಲಿನ ಕ್ಯಾಪ್ಟನ್ ಮಾಟ್ಸ್ ಸುಂಡಿನ್, ನಂಬರ್ 13. ಆ ಸುಂಡಿನ್‌ನನ್ನು 2008ರಲ್ಲಿ ಬೇರೆ ಟೀಮುಗಳು ಕೇಳಿದವು, ಮಾಂಟ್ರಿಯಲ್ ಕೂಡ ಆಸೆಪಟ್ಟಿತ್ತು. ಅವನು ಟೊರೊಂಟೊ ಬಿಟ್ಟು ಹೋಗೋದಿಲ್ಲ ಅಂತ ಕೂತ. ಅವನ ಕರಾರಿನಲ್ಲಿ ಹಾಗೆ ಹೇಳುವ ಹಕ್ಕಿತ್ತು. ಹತ್ತು ವರ್ಷದ ಮೇಲೆ ಡೋಮಿ ಮಾಂಟ್ರಿಯಲ್‌ಗೆ ಹೋದಾಗ ಬೆನ್ನ ಮೇಲೆ ಹಾಕಿಕೊಂಡ ನಂಬರ್ ಯಾವುದು ಅಂತೀರಿ? 13! ಸುಂಡಿನ್ ಹೋಗದಿದ್ದರೇನು, ನಂಬರ್ ಹೋಯಿತು. 2023ರಲ್ಲಿ ಡೋಮಿ ಕೊನೆಗೂ ಅಪ್ಪನ ಟೀಮಿಗೆ, ಟೊರೊಂಟೊಗೆ ಬಂದ. ಆದರೆ ಅಲ್ಲಿ ಅಷ್ಟರಲ್ಲಿ ಸುಂಡಿನ್ ಗೌರವಕ್ಕೆ 13ನ್ನು ಎತ್ತಿಟ್ಟಾಗಿತ್ತು. ಹಾಗಾಗಿ ಈಗ 11 ಹಾಕಿಕೊಂಡು ಆಡುತ್ತಿದ್ದಾನೆ.